ಲಕ್ಷ್ಮಕ್ಕ ಕೊಟ್ಟ ಎರಡು ಸರ್ಟಿಫಿಕೇಟು

ತವರಿಗೆ ಹೋದ ಹೆಣ್ಣುಮಕ್ಕಳು ಕಾಲು ಚಾಚಿ ಕೂರುತ್ತಾರೆ ಅಂತ ಯಾರು ಹೇಳಿದರೋ ಕಾಣೆ. ಅವರೆಕಾಯಿ ಕಾಲದಲ್ಲಿ ನಮ್ಮೂರಿಗೆ ಹೋಗಿ ನೋಡಿ. ಬಾಗಿಲಲ್ಲಿ ಮೊದಲು ಸಿಗುವುದು ಕಾಫಿಯಲ್ಲ, ಮೊರದ ತುಂಬ ಕಾಯಿ. ಸುಲಿದರೆ ಸಾರು, ಇಲ್ಲದಿದ್ದರೆ ಮೊಸರನ್ನ.

ಹೋದ ತಿಂಗಳ ಒಂದು ಭಾನುವಾರ ಹಾಗೇ ಸುಲಿಯುತ್ತ ಕೂತಿದ್ದೆ. ನಂದಗುಡಿ ಹೋಬಳಿಯ ನಮ್ಮ ಪುಟ್ಟ ಊರು, ನಮ್ಮಣ್ಣನ ಮನೆಯ ಜಗಲಿ. ಜೊತೆಗೆ ಎದುರು ಮನೆಯ ಲಕ್ಷ್ಮಕ್ಕ. ಅಣ್ಣ-ಅತ್ತಿಗೆ ಹೊಲದಲ್ಲಿದ್ದರು. ಆಗ ಒಂದು ಬೈಕು ಬಂದು ನಿಂತಿತು. ನಲವತ್ತರ ಆಸುಪಾಸಿನ ಮನುಷ್ಯ, ಇಸ್ತ್ರಿ ಮಾಡಿದ ಶರಟು, ಕಂಕುಳಲ್ಲಿ ಒಂದು ಫೈಲು. ಹೆಲ್ಮೆಟ್ ತೆಗೆದು, ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದ.

"ಇಲ್ಲಿ ರಾಮಣ್ಣನವರ ಮಗಳು ಚೈತ್ರಾ ಅಂತ ಇದಾಳಲ್ಲ, ಹೆಂಗಮ್ಮ ಹುಡುಗಿ?"

ಲಕ್ಷ್ಮಕ್ಕನ ಕೈ ನಿಂತಿತು. ಮುಖ ಅರಳಿತು.

ನಮ್ಮ ಕಡೆ ಅಪರಿಚಿತ ಗಂಡಸೊಬ್ಬ ಬಂದು "ಹುಡುಗಿ ಹೆಂಗೆ" ಅಂತ ಕೇಳಿದರೆ ಅದಕ್ಕೆ ಒಂದೇ ಅರ್ಥ. ಗಂಡಿನ ಕಡೆಯವರು ನೆಟ್ಟಗೆ ಮನೆಗೆ ಬರುವುದಿಲ್ಲ. ಮೊದಲು ಯಾರನ್ನೋ ಕಳಿಸಿ ಎದುರು ಮನೆ, ಹಾಲಿನ ಡೇರಿ, ಮೂಲೆ ಅಂಗಡಿ, ಮೂರೂ ಕಡೆ ವಿಚಾರಿಸುತ್ತಾರೆ. ವಿಚಾರಿಸಿದಾಗ ಹೇಗೆ ಮಾತಾಡಬೇಕು ಅನ್ನುವುದನ್ನು ಎದುರು ಮನೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸಾವಿರ ಸುಳ್ಳು ಹೇಳಿಯಾದರೂ ಒಂದು ಮದುವೆ ಮಾಡಿಸು ಅಂತ ಹಿರಿಯರೇ ಲೈಸೆನ್ಸ್ ಕೊಟ್ಟಿದ್ದಾರಲ್ಲ. ಆ ಸಾವಿರದಲ್ಲಿ ಕನಿಷ್ಠ ನೂರಾದರೂ ಎದುರು ಮನೆಯ ಪಾಲು.

ಲಕ್ಷ್ಮಕ್ಕ ತನ್ನ ಪಾಲಿಗೆ ಕೈ ಹಾಕಿದಳು.

"ಚಿನ್ನದಂಥ ಹುಡುಗಿ ಕಣಪ್ಪಾ. ತಲೆ ಎತ್ತಿ ಒಬ್ಬರ ಮುಖ ನೋಡಿದವಳಲ್ಲ. ಜೋರಾಗಿ ಒಂದು ಮಾತಾಡಿದವಳಲ್ಲ. ಕಾಲೇಜು ಬಿಟ್ರೆ ಮನೆ, ಮನೆ ಬಿಟ್ರೆ ದೇವರ ಗುಡಿ. ಮನೇಲಿ ಅವಳಿದಾಳೆ ಅಂತ ಎದುರುಗಡೆ ಇರೋ ನನಗೇ ಗೊತ್ತಾಗಲ್ಲ ಅಂದ್ರೆ ನೋಡು!"

ನನಗೆ ಕೆಮ್ಮು ಬಂತು. ಅವರೆಕಾಳು ಗಂಟಲಿಗೆ ಸಿಕ್ಕಿದ್ದಲ್ಲ.

ಚೈತ್ರಾ ಯಾರು ಅಂತ ನಿಮಗೆ ಹೇಳಬೇಕು. ನನ್ನ ಅಣ್ಣನ ಒಬ್ಬಳೇ ಮಗಳು. ಬಿ.ಎಸ್ಸಿ. ಮುಗಿಸಿದ್ದಾಳೆ. ಅವಳು ಮನೆಯಲ್ಲಿದ್ದಾಳೆ ಅನ್ನುವುದು ಎದುರು ಮನೆಗಿರಲಿ, ಊರ ಬಾಗಿಲಲ್ಲಿ ಬಸ್ಸಿಳಿದವರಿಗೂ ಗೊತ್ತಾಗುತ್ತದೆ. ಅಂಥ ಗಂಟಲು.

ಹೋದ ವರ್ಷ ನಮ್ಮೂರಿನ ಜಮೀನಿಗೆ ನೋಟಿಸ್ ಬಂತು. ಯಾವುದೋ ಪ್ರಾಜೆಕ್ಟು. (ಯಾವ ಪ್ರಾಜೆಕ್ಟು ಅಂತ ಕೇಳಬೇಡಿ. ನಮ್ಮ ಕಡೆ ಪ್ರಾಜೆಕ್ಟಿನ ಹೆಸರು ಬದಲಾಗುತ್ತಿರುತ್ತದೆ, ಹೊಲ ಮಾತ್ರ ಅವೇ.) ರಸ್ತೆ ಬದಿಯಲ್ಲಿ ಪೆಂಡಾಲ್ ಹಾಕಿದರು. ಗಂಡಸರು ಮೊದಮೊದಲು ಹುರುಪಿನಿಂದ ಬಂದರು, ಆಮೇಲೆ ಟೊಮೆಟೊ ಕುಯ್ಲು ಅಂತ ಹೋದರು. ಹೆಂಗಸರು ಉಳಿದರು. ಅವರ ನಡುವೆ ಮೈಕು ಹಿಡಿದು ನಿಂತವಳು ಚೈತ್ರಾ. ಒಂದು ದಿನ ಸರ್ವೆಯವರು ಜೆಸಿಬಿ ಸಮೇತ ಬಂದರು. ಈ ಹುಡುಗಿ ಹೋಗಿ ಅದರ ಮುಂದೆ ನಿಂತಳು. ಹಿಂದೆಯೇ ನಮ್ಮತ್ತಿಗೆ, ಲಕ್ಷ್ಮಕ್ಕ, ಊರಿನ ಅರ್ಧ ಹೆಂಗಸರು. ಪೊಲೀಸರು ಎಲ್ಲರನ್ನೂ ವ್ಯಾನಿಗೆ ಹತ್ತಿಸಿ, ಒಂದು ಮದುವೆ ಛತ್ರದಲ್ಲಿ ಕೂರಿಸಿ, ಉಪ್ಪಿಟ್ಟು ಕೊಟ್ಟು ಸಂಜೆಗೆ ಬಿಟ್ಟರು. "ವಾಲಗ ಇಲ್ದೆ, ಗಂಡು-ಹೆಣ್ಣು ಇಲ್ದೆ ಛತ್ರದಲ್ಲಿ ತಿಂದಿದ್ದು ಇದೇ ಮೊದಲು" ಅಂತ ಲಕ್ಷ್ಮಕ್ಕ ಇವತ್ತಿಗೂ ಹೇಳಿಕೊಂಡು ನಗುತ್ತಾಳೆ.

ಸರ್ವೆ ನಿಂತಿತು. ಸದ್ಯಕ್ಕೆ ನಿಂತಿದೆ, ಅಷ್ಟೇ. ಹೊಲದಲ್ಲಿ ಈ ವರ್ಷವೂ ಅವರೆ ಬಂತು.

ಇಂಥ ಹುಡುಗಿಯನ್ನು ಲಕ್ಷ್ಮಕ್ಕ "ಮನೆ ಬಿಟ್ಟು ಆಚೆ ಹೋಗಲ್ಲ" ಅನ್ನುತ್ತಿದ್ದರೆ ಕೆಮ್ಮು ಬರದೆ ಇನ್ನೇನು ಬರುತ್ತದೆ? ಆದರೂ ಸುಮ್ಮನಿದ್ದೆ. ಮದುವೆ ವಿಚಾರಣೆಯಲ್ಲಿ ಹುಡುಗಿಯ ಸ್ವಂತ ಸೋದರತ್ತೆ ನಡುವೆ ಬಾಯಿ ಹಾಕಬಾರದು.

ಬೈಕಿನವನು ಹೇಳಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡ. (ಆಗಲೇ ನನಗೆ ಅನುಮಾನ ಬರಬೇಕಿತ್ತು. ಗಂಡಿನ ಕಡೆಯವರು ಬರೆದುಕೊಳ್ಳುತ್ತಾರೆಯೇ?) ಆಮೇಲೆ ಕೇಳಿದ.

"ಯಾವುದಾದ್ರೂ ಸಂಘ, ಪಾರ್ಟಿ, ಗಲಾಟೆ, ಅಂಥದ್ದೇನಾದ್ರೂ?"

ಲಕ್ಷ್ಮಕ್ಕ ಹುಬ್ಬು ಗಂಟಿಕ್ಕಿದಳು. "ಇದೇನಪ್ಪಾ ನೀನು ಕೇಳೋದು? ಅದಿರಲಿ, ಯಾವೂರು ನಿಮ್ದು? ಹುಡುಗ ಏನ್ ಮಾಡ್ತಾನೆ?"

"ಯಾವ ಹುಡುಗ? ಅಮ್ಮಾ, ನಾನು ಸ್ಟೇಷನ್ನಿಂದ ಬಂದಿರೋದು. ಈ ಹುಡುಗಿಗೆ ಏರ್‌ಪೋರ್ಟಲ್ಲಿ ಕೆಲಸ ಆಗಿದೆಯಲ್ಲ, ಅದಕ್ಕೆ ಪೊಲೀಸ್ ವೆರಿಫಿಕೇಷನ್."

ಅದು ನಿಜ. ಚೈತ್ರಾಗೆ ದೇವನಹಳ್ಳಿಯ ಏರ್‌ಪೋರ್ಟಿನ ಕಾರ್ಗೊ ವಿಭಾಗದಲ್ಲಿ ಕೆಲಸ ಸಿಕ್ಕಿತ್ತು. ಹೊರದೇಶಕ್ಕೆ ಹೋಗುವ ಹೂವು, ತರಕಾರಿಯ ಬಾಕ್ಸುಗಳನ್ನು ವಿಮಾನಕ್ಕೆ ಏರಿಸುವ ಮುಂಚೆ ಪರೀಕ್ಷೆ ಮಾಡುವ ಕೆಲಸ. ಹುಟ್ಟಿದಾಗಿನಿಂದ ಬೀನ್ಸು, ಕ್ಯಾಪ್ಸಿಕಂ ನೋಡಿಕೊಂಡೇ ಬೆಳೆದವಳು. ಇದಕ್ಕಿಂತ ಒಪ್ಪುವ ಕೆಲಸ ಬೇರೆ ಇಲ್ಲ ಅಂತ ಕುಣಿದಾಡಿದ್ದಳು. ಆದರೆ ಒಳಗೆ ಕಾಲಿಡಬೇಕಾದರೆ ಎಂಟ್ರಿ ಪಾಸ್ ಬೇಕು. ಪಾಸಿಗೆ ಸೆಕ್ಯೂರಿಟಿ ಕ್ಲಿಯರೆನ್ಸ್ ಬೇಕು. ಕ್ಲಿಯರೆನ್ಸಿಗೆ ಪೊಲೀಸರ ರಿಪೋರ್ಟ್ ಬೇಕು. ಆ ರಿಪೋರ್ಟ್ ಬರೆಯುವ ಕಾನ್‌ಸ್ಟೇಬಲ್ಲೇ ಯೂನಿಫಾರ್ಮ್ ಇಲ್ಲದೆ ನಮ್ಮ ಜಗಲಿಯ ಮುಂದೆ ನಿಂತಿದ್ದ.

"ಅಯ್ಯೋ, ಮೊದಲೇ ಹೇಳಬಾರ್ದೇನಪ್ಪಾ!" ಲಕ್ಷ್ಮಕ್ಕ ಸೆರಗಿಗೆ ಕೈ ಒರೆಸಿಕೊಂಡು ಎದ್ದೇ ನಿಂತಳು. "ನಾನು ಗಂಡಿನ ಕಡೆಯೋನು ಅಂದ್ಕೊಂಡು ಏನೇನೋ ಹೇಳ್ಬಿಟ್ಟೆ. ಅದೆಲ್ಲ ಹೊಡೆದು ಹಾಕು. ಪೊಲೀಸಿನವರ ಹತ್ರ ಸುಳ್ಳು ಹೇಳಬಾರ್ದು. ಈಗ ಬರ್ಕೋ, ನಿಜ ಹೇಳ್ತೀನಿ."

ನಾನು ಅವಳ ಸೆರಗು ಎಳೆದೆ. ಕಾಲು ತುಳಿದೆ. ಲಕ್ಷ್ಮಕ್ಕನನ್ನು ನಿಲ್ಲಿಸುವುದು ಜೆಸಿಬಿ ನಿಲ್ಲಿಸಿದಷ್ಟು ಸುಲಭವಲ್ಲ.

"ಹೆಣ್ಣು ಹುಲಿ ಅವಳು! ಜೆಸಿಬಿ ಮುಂದೆ ಹೋಗಿ ನಿಂತ್ಕೊಂಡ್ಳು ಕಣಪ್ಪಾ, ಒಂದಿಂಚು ಅಲ್ಲಾಡಲಿಲ್ಲ. ನಿಮ್ಮ ದೊಡ್ಡ ಸಾಹೇಬ್ರ ಮುಖಕ್ಕೇ ಮೈಕು ಹಿಡಿದು, 'ಈ ನೆಲ ನಿಮ್ಮಪ್ಪಂದಾ?' ಅಂದ್ಳು. ವ್ಯಾನು ಹತ್ತುವಾಗ್ಲೂ ಧಿಕ್ಕಾರ ಕೂಗ್ತಿದ್ಳು. ಅಂಥ ಧೈರ್ಯದ ಹುಡುಗಿ ನಿಮ್ಮ ಏರ್‌ಪೋರ್ಟಿಗೆ ಇನ್ನೆಲ್ಲಿ ಸಿಕ್ತಾಳೆ? ಕಣ್ಣು ಮುಚ್ಕೊಂಡು ಕೊಡು ಕೆಲಸ!"

ಕಾನ್‌ಸ್ಟೇಬಲ್ ಅದನ್ನೂ ಬರೆದುಕೊಂಡ. ಮುಖದಲ್ಲಿ ನಗು ಇತ್ತೋ ಇಲ್ಲವೋ ತಿಳಿಯಲಿಲ್ಲ. ಹೆಲ್ಮೆಟ್ ಹಾಕಿಕೊಂಡು ಹೊರಟುಹೋದ.

ಲಕ್ಷ್ಮಕ್ಕ ಕೂತು ಮತ್ತೆ ಅವರೆಕಾಯಿ ಹಿಡಿದಳು. "ಸರಿಯಾಗಿ ಹೇಳ್ದೆ ಅಲ್ವೇನೇ ಗಿರಿಜಾ?" ಅಂದಳು. ನಾನು ಮೊರವನ್ನು ಹತ್ತಿರಕ್ಕೆ ಎಳೆದುಕೊಂಡೆ.

ಸಂಜೆ ಹೊಲದಿಂದ ಬಂದ ಅತ್ತಿಗೆಗೆ ವಿಷಯ ಗೊತ್ತಾಯಿತು. ಬೀದಿಯ ಈ ಕಡೆಯಿಂದ ಆ ಕಡೆಗೆ ಮಾತು ಹಾರಿದವು.

"ನಿನ್ನ ಬಾಯಿಗಿಷ್ಟು ಮಣ್ಣು ಹಾಕ! ನನ್ನ ಮಗಳ ಅನ್ನ ಕಿತ್ಕೊಂಡೆಯಲ್ಲೇ ಲಕ್ಷ್ಮಕ್ಕಾ!"

"ನಾನೇನು ಅವಳು ಕದ್ದಳು ಅಂದ್ನಾ? ಓಡಿಹೋದ್ಳು ಅಂದ್ನಾ? ಧೈರ್ಯವಂತೆ ಅಂದೆ. ಅದೂ ತಪ್ಪಾ?"

ಅದೂ ತಪ್ಪಾ? ಲಕ್ಷ್ಮಕ್ಕ ನಿಜಕ್ಕೂ ಕಂಗಾಲಾಗಿದ್ದಳು. ತನಗೆ ಗೊತ್ತಿದ್ದ ಅತಿ ಒಳ್ಳೆಯ ಮಾತನ್ನೇ ಅವಳು ಆ ಹುಡುಗಿಯ ಬಗ್ಗೆ ಹೇಳಿದ್ದಳು. ಅತ್ತಿಗೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಲಕ್ಷ್ಮಕ್ಕ ತನ್ನ ಜಗಲಿಯಲ್ಲಿ ಕಣ್ಣೊರೆಸಿಕೊಳ್ಳುತ್ತ ಕೂತಳು. ನನಗೆ ಇಬ್ಬರ ಮೇಲೂ ಕನಿಕರವಾಯಿತು.

ಚೈತ್ರಾ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಮೊಬೈಲ್ ಹಿಡಿದು ಮೂಲೆಗೆ ಕೂತಳು. "ಪಾಸ್ ಬರ್ಲಿಲ್ಲ ಅಂದ್ರೆ ಕಂಪನಿಯವರು ಬೇರೆಯವರನ್ನ ತಗೋತಾರಂತೆ ಅತ್ತೆ" ಅಂದಳು. ದನಿ ಸಣ್ಣದಾಗಿತ್ತು. ಆ ಗಂಟಲಿನಿಂದ ಅಷ್ಟು ಸಣ್ಣ ದನಿ ಬರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಮಾರನೆಯ ದಿನ ಅಣ್ಣ, ಚೈತ್ರಾ, ನಾನು ಮೂವರೂ ಸ್ಟೇಷನ್ನಿಗೆ ಹೋದೆವು. ಅಣ್ಣ ದಾರಿಯುದ್ದಕ್ಕೂ "ನೀನು ಬಾಯಿ ಬಿಡಬೇಡ, ನಾನು ಮಾತಾಡ್ತೀನಿ" ಅಂತ ಮಗಳಿಗೆ ಹೇಳುತ್ತಲೇ ಇದ್ದ. ಅವಳು ಹೂಂ ಅಂದಳು.

ಕಾನ್‌ಸ್ಟೇಬಲ್ ಅವತ್ತು ಯೂನಿಫಾರ್ಮಿನಲ್ಲಿದ್ದ. ಚೈತ್ರಾ ಅವನನ್ನು ನೋಡಿದ ಕೂಡಲೇ, "ಸಾರ್, ನೀವು ಪೆಂಡಾಲಿಗೆ ಬಂದೋಬಸ್ತಿಗೆ ಬರ್ತಿದ್ರಲ್ಲ? ನಮ್ಮಮ್ಮ ದಿನಾ ಮಜ್ಜಿಗೆ ಕೊಡ್ತಿದ್ರು" ಅಂದಳು. (ಬಾಯಿ ಬಿಡಬೇಡ ಅಂದಿದ್ದು ಅಲ್ಲಿಗೆ ಮುಗಿಯಿತು.)

"ಗೊತ್ತಮ್ಮ. ಒಗ್ಗರಣೆ ಹಾಕಿದ ಮಜ್ಜಿಗೆ" ಅಂದ ಆತ. ಲಕ್ಷ್ಮಕ್ಕನಿಗೆ ಯೂನಿಫಾರ್ಮ್ ಇಲ್ಲದೆ ಗುರುತು ಸಿಕ್ಕಿರಲಿಲ್ಲ. ಆತನಿಗೆ ಎಲ್ಲರ ಗುರುತೂ ಇತ್ತು.

"ಹಾಗಾದ್ರೆ ಎಲ್ಲಾ ಗೊತ್ತಿದ್ದೂ ಯಾಕೆ ಕೇಳೋಕೆ ಬಂದ್ರಿ?" ಅಂತ ನಾನು ಕೇಳಿದೆ.

"ಮೇಡಂ, ನನಗೆ ಗೊತ್ತಿರೋದನ್ನ ಬರೆಯೋ ಹಾಗಿಲ್ಲ. ಅಕ್ಕಪಕ್ಕದವರು ಹೇಳಿದ್ದನ್ನ ಬರೀಬೇಕು. ನಿಮ್ಮ ಎದುರು ಮನೆ ಅಮ್ಮ ನನ್ನನ್ನ ಫಜೀತಿಗೆ ಸಿಕ್ಕಿಸಿಬಿಟ್ರು. ಒಂದೇ ಬಾಯಿ, ಎರಡು ಸರ್ಟಿಫಿಕೇಟ್! ಒಂದರಲ್ಲಿ ಹುಡುಗಿ ತಲೆಯನ್ನೇ ಎತ್ತಲ್ಲ. ಇನ್ನೊಂದರಲ್ಲಿ ಜೆಸಿಬಿ ಮುಂದೆ ನಿಂತವ್ಳೆ. ಯಾವುದನ್ನ ಕಳಿಸ್ಲಿ ಹೇಳಿ?"

ಅಣ್ಣ ಕುರ್ಚಿಯ ತುದಿಗೆ ಬಂದ. "ಸಾರ್, ಜೆಸಿಬಿ ತಡೆದಿದ್ದಕ್ಕೆ ಹಾಕಿದ ಕೇಸಲ್ಲಿ ಅವಳ ಹೆಸರಿಲ್ಲ..."

"ಹೆಸರಿಲ್ಲ ರಾಮಣ್ಣ. ಮುಂದಾಳುಗಳ ಹೆಸರಷ್ಟೇ ಇರೋದು. ಆದ್ರೆ ಕೊನೇಲಿ 'ಮತ್ತು ಇತರರು' ಅಂತ ಬರೆದಿರ್ತೀವಿ. ಮೇಲಿನವರು ಜೆಸಿಬಿ ಅಂತ ಓದಿದ್ರೆ, ಇವಳು ಆ ಇತರರಲ್ಲಿ ಸೇರ್ತಾಳಾ ಇಲ್ವಾ ಅಂತ ಕೇಳ್ತಾರೆ. ನಾನು ಏನ್ ಹೇಳ್ಲಿ? ಅದಕ್ಕೇ, ಮೊದಲನೇದನ್ನೇ ಕಳಿಸಿಬಿಡ್ತೀನಿ. ಹುಡುಗಿ ಭವಿಷ್ಯ ನೋಡಿ."

ಅಣ್ಣ ಕೈ ಮುಗಿದ. ನಾನೂ, ನಿಜ ಹೇಳುತ್ತೇನೆ, ಮನಸ್ಸಿನಲ್ಲೇ ಮುಗಿದೆ. ಒಳ್ಳೆಯ ಮನುಷ್ಯ. ಎಷ್ಟು ಸಲೀಸಾಗಿ ಬಗೆಹರಿಯಿತು ಅನ್ನಿಸಿತು.

"ಸಾರ್, ಮೊದಲನೇದು ಸುಳ್ಳಲ್ವಾ?" ಅಂದಳು ಚೈತ್ರಾ.

ಅಣ್ಣ ಅವಳ ಮೊಣಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ, ಮಾತೂ ನಿಲ್ಲಿಸಲಿಲ್ಲ.

"ಮನೆ ಬಿಟ್ಟು ಆಚೆ ಹೋಗದೇ ಇರೋಳು ಅಂತ ಬರೆದ್ರೆ, ಏರ್‌ಪೋರ್ಟಿಗೆ ಹೆಂಗೆ ಸಾರ್ ಕೆಲಸಕ್ಕೆ ಹೋಗ್ತೀನಿ? ಎರಡನೇದನ್ನೇ ಕಳಿಸಿ. ನಾನು ಕಲ್ಲು ಎಸೆದಿಲ್ಲ. ಬಸ್ಸು ಸುಟ್ಟಿಲ್ಲ. ನಮ್ಮ ಹೊಲದಲ್ಲಿ ನಾನು ನಿಂತ್ಕೊಂಡೆ. ಅದನ್ನೂ ಬರೀರಿ. ನಾಳೆ ಕೆಲಸಕ್ಕೆ ಸೇರಿದ ಮೇಲೆ ಯಾರೋ ವೀಡಿಯೊ ತೋರಿಸಿ, ಸುಳ್ಳು ಹೇಳಿ ಸೇರ್ಕೊಂಡಿದಾಳೆ ಅಂದ್ರೆ ನಾನು ಏನ್ ಹೇಳ್ಲಿ?"

ಕಾನ್‌ಸ್ಟೇಬಲ್ ಪೆನ್ನು ಕೆಳಗಿಟ್ಟ. "ಯೋಚ್ನೆ ಮಾಡಮ್ಮ. ಕಳಿಸಿದ ಮೇಲೆ ವಾಪಸ್ ತಗೊಳ್ಳೋಕಾಗಲ್ಲ."

"ಯೋಚ್ನೆ ಮಾಡಿದೀನಿ ಸಾರ್. ನಿನ್ನೆ ಎಲ್ಲಾ ಅದೇ ಮಾಡಿದ್ದು."

ಅಣ್ಣ ಎದ್ದು ಹೊರಗೆ ಹೋದ. ಕಾಂಪೌಂಡಿನ ಹೊಂಗೆ ಮರದ ಕೆಳಗೆ, ಸೀಜ್ ಮಾಡಿ ನಿಲ್ಲಿಸಿದ್ದ ಬೈಕುಗಳ ನಡುವೆ ಕುಕ್ಕರಗಾಲಿನಲ್ಲಿ ಕೂತ. ಮಗಳ ಕೆಲಸಕ್ಕೆ ಅಂತ ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತವನು ಅವನು. ನಾನು ಹೊರಗೆ ಬಂದಾಗ ತಲೆ ಎತ್ತಲಿಲ್ಲ.

ಕಾನ್‌ಸ್ಟೇಬಲ್ ಎರಡನೆಯದನ್ನೇ ಬರೆದ. ಜೊತೆಗೆ, ಕೇಸಿನಲ್ಲಿ ಹೆಸರಿಲ್ಲ, ಯಾವುದೇ ಹಿಂಸೆಯಲ್ಲಿ ಭಾಗಿಯಾಗಿಲ್ಲ, ನಡತೆ ಒಳ್ಳೆಯದು ಅಂತಲೂ ಸೇರಿಸಿದ. ಓದಿ ಹೇಳಿದ. ಚೈತ್ರಾ ಥ್ಯಾಂಕ್ಸ್ ಸಾರ್ ಅಂದಳು.

ಊರಿಗೆ ವಾಪಸು ಬರುವಾಗ ಅಣ್ಣ ಒಂದೇ ಮಾತಾಡಿದ್ದು. "ನಿನ್ನ ತಲೆ ಮೇಲೆ ನೀನೇ ಚಪ್ಪಡಿ ಎಳ್ಕೊಂಡೆ."

"ಅಪ್ಪಾ, ಅವತ್ತು ನಾನು ಮನೇಲಿ ಕೂತಿದ್ರೆ ಈ ವರ್ಷ ಅವರೆಕಾಯಿ ಎಲ್ಲಿಂದ ಬರ್ತಿತ್ತು?"

ಅಣ್ಣ ಕಿಟಕಿಯ ಕಡೆ ತಿರುಗಿದ. ಬಸ್ಸಿನ ಕಿಟಕಿಯಿಂದ ಕಾಣುತ್ತಿದ್ದದ್ದೂ ಅವರೆ ಹೊಲಗಳೇ.

ಅಂದಿನಿಂದ ನನ್ನ ತಲೆಯಲ್ಲಿ ಆ ಎರಡು ಸರ್ಟಿಫಿಕೇಟುಗಳು ಸುತ್ತುತ್ತಿವೆ. ನೀವೂ ಒಮ್ಮೆ ಯೋಚಿಸಿ. ತಲೆ ಎತ್ತಲ್ಲ, ದನಿ ಎತ್ತಲ್ಲ, ಹೊಸ್ತಿಲು ದಾಟಲ್ಲ. ಇದು ಒಳ್ಳೆಯ ಸೊಸೆಗೆ ಬೇಕಾದ ಅರ್ಹತೆ ಅಂತ ನಾವು ತಲತಲಾಂತರದಿಂದ ನಂಬಿಕೊಂಡು ಬಂದಿದ್ದೇವೆ. ಸೆಕ್ಯೂರಿಟಿ ಕ್ಲಿಯರೆನ್ಸ್ ಬೇಕಾದ ಕೆಲಸಕ್ಕೂ ಇದೇ ಅರ್ಹತೆಯೇ? ಲಕ್ಷ್ಮಕ್ಕ ಮದುವೆಗೆ ಅಂತ ಹೇಳಿದ ಸುಳ್ಳು ಸರ್ಕಾರಿ ರಿಪೋರ್ಟಿಗೆ ಅಷ್ಟು ಚೆನ್ನಾಗಿ ಹೊಂದಿಕೊಂಡಿದ್ದು ಹೇಗೆ? ಅಳತೆ ತೆಗೆದು ಹೊಲಿಸಿದ ಹಾಗೆ!

ವೆರಿಫಿಕೇಷನ್ನೇ ಬೇಡ ಅನ್ನುವವಳಲ್ಲ ನಾನು. ವಿಮಾನದ ಹತ್ತಿರ ಓಡಾಡುವವರು ಯಾರು ಅಂತ ನೋಡಲೇಬೇಕು. ನಾನೂ ವಿಮಾನ ಹತ್ತಿದ್ದೇನೆ. (ಒಂದೇ ಸಲ, ಅದೂ ಇಡೀ ದಾರಿ ಕಣ್ಣು ಮುಚ್ಚಿಕೊಂಡು.) ನಮ್ಮ ಕೆಳಗೆ ಯಾವ ಪೆಟ್ಟಿಗೆ ಇದೆ, ಅದನ್ನು ಯಾರು ಇಟ್ಟರು ಅಂತ ಯಾರಾದರೂ ನೋಡಿರಲಿ ಅಂತಲೇ ನನಗೂ ಆಸೆ. ಕಳ್ಳರು, ಕೊಲೆಗಡುಕರು, ದೇಶಕ್ಕೆ ಕೇಡು ಬಗೆಯುವವರು ಒಳಗೆ ಬರಬಾರದು. ಒಪ್ಪಿದೆ.

ಆದರೆ ಕೇಡು ಬಗೆಯುವವನು ಹೇಗಿರುತ್ತಾನೆ? ಪೆಂಡಾಲಿನಲ್ಲಿ ಮೈಕು ಹಿಡಿದವರೆಲ್ಲ ಮೊದಲು ಏನು ಹೇಳುತ್ತಿದ್ದರು ಗೊತ್ತೇ? ತಮ್ಮ ಹೆಸರು, ಅಪ್ಪನ ಹೆಸರು, ಊರು, ಕೊನೆಗೆ ಜಮೀನಿನ ಸರ್ವೆ ನಂಬರ್. ಅದು ನಮ್ಮ ಪೆಂಡಾಲಿನ ಪದ್ಧತಿ. ಮಾತು ಆಮೇಲೆ. ಎದುರಿಗೆ ಪೊಲೀಸರ ಕ್ಯಾಮೆರಾ ಓಡುತ್ತಿರುತ್ತಿತ್ತು, ಬೆಳಗಿನಿಂದ ಸಂಜೆಯವರೆಗೆ. ತಾಲ್ಲೂಕಿನಲ್ಲಿ ಅವರಷ್ಟು ವೆರಿಫೈ ಆದವರು ಬೇರೆ ಯಾರಿದ್ದಾರೆ ಹೇಳಿ? ಕೇಡು ಬಗೆಯುವವನು ಸರ್ವೆ ನಂಬರ್ ಹೇಳಿಕೊಂಡು ಬರುತ್ತಾನೆಯೇ?

ಎಲೆಕ್ಷನ್ ಬಂದಾಗ ಬಾವುಟ ಕಟ್ಟಿಕೊಂಡು, ಸೈಲೆನ್ಸರ್ ಕಿತ್ತ ಬೈಕುಗಳಲ್ಲಿ ಊರೂರು ಸುತ್ತುವ ಹುಡುಗರಿದ್ದಾರೆ. ಅವರಿಗೆ "ನೀನು ರಾಜಕೀಯದಲ್ಲಿದ್ದೀಯಾ" ಅಂತ ಯಾವ ಅಪ್ಪನೂ ಹೆದರಿಕೊಂಡು ಕೇಳಿದ್ದನ್ನು ನಾನು ನೋಡಿಲ್ಲ. ಅದು ಓಡಾಟ. ತನ್ನ ಹೊಲಕ್ಕೆ ತಾನು ನಿಂತರೆ ಮಾತ್ರ ಹೋರಾಟ, ಅದಕ್ಕೆ ಮಾತ್ರ ರಿಪೋರ್ಟು!

ಇನ್ನೊಂದು ವಿಷಯ ನನ್ನನ್ನು ಹೆಚ್ಚು ಚುಚ್ಚುತ್ತಿದೆ. ಪೆಂಡಾಲ್ ಇದ್ದಾಗ ಡೇರಿ ಪಕ್ಕದ ಮನೆಯ ಹುಡುಗ ದೂರದಲ್ಲೇ ಅರಳಿಕಟ್ಟೆಯ ಮೇಲೆ ಕೂತಿರುತ್ತಿದ್ದ. ಹತ್ತಿರ ಬರುತ್ತಿರಲಿಲ್ಲ. ಕೇಳಿದರೆ, "ಪಿಎಸ್ಐ ಎಕ್ಸಾಮ್ ಕಟ್ಟಿದೀನಿ, ಅಮ್ಮ ಬೇಡ ಅಂದಿದಾರೆ" ಅನ್ನುತ್ತಿದ್ದ. ಆಗ ನನಗೆ ಅವನ ಮೇಲೆ ಸಿಟ್ಟಿತ್ತು. ಈಗ ಇಲ್ಲ. ಚೈತ್ರಾಳ ವಿಷಯ ಊರಿಗೆಲ್ಲ ಹರಡಿದೆ. ಈಗ ಯಾವ ತಾಯಿ ತನ್ನ ಮಗನನ್ನು, ಮಗಳನ್ನು ಕಳಿಸುತ್ತಾಳೆ? ಎಲ್ಲರ ಮಕ್ಕಳೂ ಯಾವುದಾದರೂ ಒಂದಕ್ಕೆ ಅರ್ಜಿ ಹಾಕಿಯೇ ಇರುತ್ತಾರೆ. ನಾಳೆ ಮತ್ತೆ ಜೆಸಿಬಿ ಬಂದರೆ ಅದರ ಮುಂದೆ ನಿಲ್ಲುವವರು ಯಾರು? ಅರ್ಜಿ ಹಾಕುವ ವಯಸ್ಸು ಮೀರಿದ ಲಕ್ಷ್ಮಕ್ಕ ಒಬ್ಬಳೇ. ಯಾರನ್ನೂ ಜೈಲಿಗೆ ಹಾಕಬೇಕಿಲ್ಲ, ಯಾರಿಗೂ ಪಾಸ್ ಇಲ್ಲ ಅನ್ನಬೇಕಾಗಿಯೂ ಇಲ್ಲ. ಸುಮ್ಮನೆ ಕಾಯಿಸಿದರೆ ಸಾಕು, ಮಿಕ್ಕಿದ್ದನ್ನು ನಾವು ಅಪ್ಪ-ಅಮ್ಮಂದಿರೇ ಮಾಡುತ್ತೇವೆ.

ಚೈತ್ರಾ ಈಗ ಕಾಯುತ್ತಿದ್ದಾಳೆ. ಅವಳ ಜೊತೆ ಆಯ್ಕೆಯಾದ ದೊಡ್ಡಬೆಳವಂಗಲದ ಹುಡುಗಿಗೆ ಪಾಸ್ ಬಂದಾಯಿತು. ಕೊರಳಿಗೆ ಹಾಕಿಕೊಂಡು ಸ್ಟೇಟಸ್ ಇಟ್ಟಿದ್ದಾಳೆ. ಚೈತ್ರಾ ಅದಕ್ಕೆ ಹೃದಯದ ಚಿಹ್ನೆ ಒತ್ತಿ, ಮೊಬೈಲನ್ನು ಬೋರಲು ಹಾಕಿದ್ದನ್ನು ನಾನು ನೋಡಿದೆ. ಕಂಪನಿಗೆ ಫೋನ್ ಮಾಡಿದರೆ "ಇನ್ನೂ ಬಂದಿಲ್ಲ, ವೇಟ್ ಮಾಡಿ" ಅನ್ನುತ್ತಾರೆ. ಇಲ್ಲ ಅಂತಲೂ ಹೇಳುತ್ತಿಲ್ಲ. ಇಲ್ಲ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಲಕ್ಷ್ಮಕ್ಕನ ಜೊತೆ ಅತ್ತಿಗೆ ಮಾತು ಬಿಟ್ಟಿದ್ದಳು. ಚೈತ್ರಾನೇ ಹೋಗಿ ಅವಳ ಕೈ ಹಿಡಿದುಕೊಂಡು ಹೇಳಿದಳಂತೆ. "ದೊಡ್ಡಮ್ಮ, ನೀನು ಹೇಳಿದ್ದು ಸರೀನೇ. ಇನ್ಮೇಲೆ ಯಾರೇ ಬಂದು ಕೇಳ್ಲಿ, ಒಂದೇ ಹೇಳು. ಎರಡೆರಡು ಹೇಳಬೇಡ."

ಮೊನ್ನೆ ಭಾನುವಾರ ಮತ್ತೆ ಹೋಗಿದ್ದೆ. ಮತ್ತೆ ಜಗಲಿ, ಮತ್ತೆ ಮೊರ; ಲಕ್ಷ್ಮಕ್ಕ ಮಾತ್ರ ಎದುರಿಗೆ ತನ್ನ ಜಗಲಿಯಲ್ಲಿ. ಕಾಯಿ ಈಗ ಕಡಿಮೆಯಾಗಿದೆ, ಸೊಗಡೂ ಇಳಿದಿದೆ. ಒಂದು ಕಾರು ಬಂದು ಲಕ್ಷ್ಮಕ್ಕನ ಮನೆ ಮುಂದೆ ನಿಂತಿತು. ಐವತ್ತು ದಾಟಿದ ಒಬ್ಬ ಹೆಂಗಸು, ಕಂಚಿ ಸೀರೆ, ಜೊತೆಗೆ ಅವರ ತಮ್ಮನಿರಬೇಕು. ಆ ಹೆಂಗಸು ಇಳಿದು ದನಿ ತಗ್ಗಿಸಿ ಕೇಳಿದರು.

"ಇಲ್ಲಿ ರಾಮಣ್ಣನವರ ಮಗಳು ಚೈತ್ರಾ ಅಂತ..."

ಲಕ್ಷ್ಮಕ್ಕ ಕೈ ಅಡ್ಡ ಹಿಡಿದಳು. "ತಾಳಮ್ಮ. ಮೊದಲು ಹೇಳು, ಪೊಲೀಸಾ, ಗಂಡಿನ ಕಡೆಯೋರಾ?"

ಆ ಹೆಂಗಸು ಗಾಬರಿಯಾದರು. "ಪೊಲೀಸ್ ಯಾಕಮ್ಮ? ನಾವು ದೇವನಹಳ್ಳಿ ಕಡೆಯೋರು. ನಮ್ಮ ಹುಡುಗನಿಗೆ ನೋಡ್ತಾ ಇದೀವಿ."

ಬೀದಿಯ ಈ ಬದಿಯಲ್ಲಿ ನಾನು ಕಾಯಿ ಸುಲಿಯುವುದನ್ನು ನಿಲ್ಲಿಸಿದೆ. ಒಳಗೆ ಬಾಗಿಲ ಮರೆಯಲ್ಲಿ ಅತ್ತಿಗೆ. ಲಕ್ಷ್ಮಕ್ಕ ನಮ್ಮ ಮನೆಯ ಕಡೆ ಒಮ್ಮೆ ನೋಡಿದಳು. ಅವಳ ಪಾಲಿನ ನೂರು ಸುಳ್ಳು ನಾಲಗೆಯ ತುದಿಯಲ್ಲೇ ಇದ್ದವು, ಅದು ಮುಖದಲ್ಲೇ ಕಾಣುತ್ತಿತ್ತು. ಪಾಪ, ಎಷ್ಟು ವರ್ಷದ ಅಭ್ಯಾಸ!

"ಯಾರು ಬಂದ್ರೂ ನನ್ಹತ್ರ ಈಗ ಒಂದೇ ಉತ್ತರ ಇರೋದಮ್ಮ" ಅಂದಳು. "ಹುಡುಗಿ ಗುಣ ಚಿನ್ನ. ಆದ್ರೆ ಬಾಯಿ ಇದೆ. ನಮ್ಮೂರಿಗೆ ಜೆಸಿಬಿ ಬಂದಾಗ ಮುಂದೆ ಹೋಗಿ ನಿಂತ್ಕೊಂಡ್ಳು. ಪೊಲೀಸ್ ವ್ಯಾನ್ ಹತ್ತಿದ್ಳು. ಅನ್ಯಾಯ ಕಂಡ್ರೆ ಸುಮ್ನಿರಲ್ಲ. ಒಪ್ಪಿದ್ರೆ ಒಳಗೆ ಹೋಗಿ, ಇಲ್ದಿದ್ರೆ ಹಿಂಗೇ ಹೋಗಿಬಿಡಿ. ಸುಳ್ಳು ಹೇಳಿ ನಾನು ಕಳಿಸಲ್ಲ."

ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ಅತ್ತಿಗೆ.

ಕಂಚಿ ಸೀರೆಯ ಹೆಂಗಸು ತಮ್ಮನ ಮುಖ ನೋಡಿದರು. ತಮ್ಮ ಅಕ್ಕನ ಮುಖ ನೋಡಿದ. ಇನ್ನೇನು ಕಾರು ತಿರುಗುತ್ತದೆ ಅಂತ ನಾನು ಕಾದೆ.

"ಜೆಸಿಬಿ ಮುಂದೆ ನಿಂತ್ಕೊಂಡ್ಳಾ?" ಅಂದರು ಆಕೆ. "ಒಬ್ಳೇ?"

"ಮೊದಲು ಒಬ್ಳೇ. ಆಮೇಲೆ ನಾವು ಹೋದ್ವಿ."

"ನಮ್ಮ ಜಮೀನಿಗೂ ನೋಟಿಸ್ ಬಂದಿದೆ ಕಣಮ್ಮ" ಅಂದರು ಆಕೆ. "ಮನೇಲಿ ಗಂಡಸರಿಗೆ ಒಬ್ಬರಿಗೂ ಬಾಯಿಲ್ಲ. ಎಲ್ಲಿ, ಹುಡುಗಿ ಒಳಗಿದಾಳಾ?" ಅನ್ನುತ್ತಲೇ ನಮ್ಮ ಮನೆಯ ಮೆಟ್ಟಿಲು ಹತ್ತಿಯೇಬಿಟ್ಟರು.

ಚೈತ್ರಾ ಕಾಫಿ ತಂದುಕೊಟ್ಟಳು. ತಲೆ ಎತ್ತಿಯೇ ಮಾತಾಡಿದಳು. ನೋಟಿಸ್ ಬಂದು ಎಷ್ಟು ದಿನವಾಯಿತು, ಆಕ್ಷೇಪಣೆ ಹಾಕಿದಿರಾ ಅಂತ ಅವರನ್ನೇ ವಿಚಾರಣೆ ಮಾಡಿದಳು. ಮದುವೆಯ ಮಾತು ಬಂದಾಗ, "ಪಾಸ್ ಬರಲಿ ಆಂಟಿ, ಕೆಲಸಕ್ಕೆ ಸೇರಿದ ಮೇಲೆ ನೋಡೋಣ" ಅಂದಳು. ಆಕೆ ಹೂಂ ಅಂದರು, ಕಾಯ್ತೀವಿ ಅಂದರು. ಹೋಗುವಾಗ ಅವಳ ಕೆನ್ನೆ ಸವರಿ, "ಇಂಥವಳೇ ನಮಗೆ ಬೇಕಾಗಿರೋದು" ಅಂತ ಹೇಳಿ ಕಾರು ಹತ್ತಿದರು. ಅಣ್ಣ ಕಾರು ಮರೆಯಾಗುವವರೆಗೂ ಬಾಗಿಲಲ್ಲಿ ನಿಂತಿದ್ದ. ಅತ್ತಿಗೆ ಬೀದಿ ದಾಟಿ ಹೋಗಿ, ಲಕ್ಷ್ಮಕ್ಕನ ಮುಂದೆ ಒಂದು ಬಟ್ಟಲು ಅವರೆಕಾಳಿನ ಸಾರು ಇಟ್ಟು ಬಂದಳು.

ಸೊಸೆಯನ್ನು ಹುಡುಕುವ ಅತ್ತೆಯೇ ಎರಡನೇ ಸರ್ಟಿಫಿಕೇಟು ನೋಡಿ ಒಪ್ಪಿಕೊಂಡಾಯಿತು. ಸರ್ಕಾರಕ್ಕೆ ಇನ್ನೂ ಯಾವ ಅನುಮಾನ?